ಎರಡನೆಯ ಪ್ರತಿ

ಟೊಮಹಾಕ್, ವಿಸ್ಕಾನ್ಸಿನ್
ಏಪ್ರಿಲ್ 14, 2007

ಓರಿನ್,

ನಿನ್ನ ಹಳೆಯ ಕಂಪ್ಯೂಟರು ಮಂಗಳವಾರ ಪ್ರಾಣ ಬಿಟ್ಟಿತು. ಹಿಂಭಾಗದಿಂದ ಸುಟ್ಟ ರಬ್ಬರಿನ ವಾಸನೆ ಬಂತು, ತಂತಿ ಕಿತ್ತೆ, ಅಷ್ಟೆ. ನೀನು ಮನೆಯಲ್ಲಿದ್ದಿದ್ದರೆ ಅದನ್ನು ಬಿಚ್ಚಿ ಹರಡಿ ಒಂದು ತಿಂಗಳು ಊಟದ ಮೇಜನ್ನು ಹಿಡಿದಿಟ್ಟುಕೊಂಡಿರುತ್ತಿದ್ದೆ. ಇಲ್ಲವಾದ್ದರಿಂದ ನಾನು ಪೇಟೆಗೆ ಹೋಗಿ ಹೊಸದನ್ನೇ ತಂದುಬಿಟ್ಟೆ. ಪಕ್ಕದ ಮನೆಯ ವೆಂಡೆಲ್ ಮೇಷ್ಟ್ರು ಬಂದು ಜೋಡಿಸಿಕೊಟ್ಟರು. ಮಗಳ ಕೋಣೆಯಲ್ಲಿ ಇಟ್ಟಿದ್ದೇವೆ. ಒಂಬತ್ತು ವರ್ಷ ಖಾಲಿ ಬಿದ್ದಿರುವ ಕೋಣೆಯನ್ನು ಇನ್ನೂ ಹಾಗೆ ಯಾಕೆ ಕರೆಯುತ್ತೇನೋ ಗೊತ್ತಿಲ್ಲ.

ಈ ಹೊಸದು ಮಹಾ ಅನುಮಾನದ ಪ್ರಾಣಿ. ಏನು ಒತ್ತಿದರೂ ಪರದೆಯೆಲ್ಲ ಕಪ್ಪಾಗಿ, “ಇದನ್ನು ಮಾಡುತ್ತಿರುವುದು ನೀವೇ ತಾನೆ? ಮುಂದುವರಿಯಲೇ?” ಎಂದು ಕೇಳುತ್ತದೆ. ನನ್ನ ಮನೆ, ನನ್ನ ಕುರ್ಚಿ, ಮತ್ಯಾರು ಮಾಡುತ್ತಾರೆ? ನಿನ್ನ ಡಿವಿಡಿಗಳನ್ನು ಚಿಕ್ಕ ಪ್ಲೇಯರಿಗೆ ಹೊಂದುವಂತೆ ಬದಲಿಸುತ್ತಿದ್ದ ಹಳೆಯ ಪ್ರೋಗ್ರಾಮು ಇದಕ್ಕೆ ಹಿಡಿಸಲಿಲ್ಲ. ಒಳಗೇ ಬಿಟ್ಟುಕೊಳ್ಳಲಿಲ್ಲ. ಮೇಷ್ಟ್ರು ಬೇರೊಂದು ಹುಡುಕಿ ಹಾಕಿದರು. ಹಾಕುವಾಗಲೂ ಅವರದು ಒಂದೇ ಗೊಣಗಾಟ.

“ವೆರ್ನಾ, ಈ ಡಿಸ್ಕಿಗೆಲ್ಲ ಬೀಗ ಹಾಕಿದಾರೆ. ದುಡ್ಡು ಕೊಟ್ಟು ತಂದಿದ್ರೂ ಬೀಗ ತೆಗೆಯೋದು ತಪ್ಪು ಅಂತಾರಪ್ಪ.”

“ನಮ್ಮ ಸಿನಿಮಾನ ನಮ್ಮನೆಯವರು ನೋಡ್ತಾರೆ. ಇದ್ರಲ್ಲಿ ಕಳ್ಳತನ ಏನು ಬಂತು ಮೇಷ್ಟ್ರೇ?” ಎಂದೆ.

“ನಾನೇನೂ ನೋಡ್ಲಿಲ್ಲ” ಎಂದು ಕಿಟಕಿಯ ಕಡೆ ತಿರುಗಿ ನಿಂತು ಗುಂಡಿ ಒತ್ತಿದರು!

ಒಂದು ಸಿನಿಮಾಕ್ಕೆ ಐದು ಗಂಟೆ ತಗುಲಿತು. ಮೂರನ್ನು ಈ ಮೆಮೊರಿ ಕಾರ್ಡಿನಲ್ಲಿ ತುಂಬಿ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿನ್ನ ಅಂಗೈಯಗಲದ ಪ್ಲೇಯರಿಗೆ ಹಾಕಿ ನೋಡು. ಹಡಗಿನ ನಡುಕಕ್ಕೆ ಡಿಸ್ಕು ಎಗರುತ್ತದೆ ಎಂದು ನೀನು ಹೇಳದಿದ್ದರೆ ಇಷ್ಟೆಲ್ಲ ಪಾಡು ಯಾರಿಗೆ ಬೇಕಿತ್ತು! ಫೋನಿನಲ್ಲಿ ಹೇಳೋಣವೆಂದರೆ, ಮೂವತ್ತು ವರ್ಷ ಎಂಜಿನ್ ಕೋಣೆಯಲ್ಲಿ ಕಳೆದ ನಿನ್ನ ಕಿವಿಗೆ ಕೂಗಿ ಕೂಗಿ ನನ್ನ ಗಂಟಲು ಹೋಗುತ್ತದೆ. ಕಾಗದವೇ ವಾಸಿ. ಸರೋವರದಲ್ಲಿ ಇನ್ನೂ ಮಂಜುಗಡ್ಡೆ ಇದೆಯೇ? ಉಣ್ಣೆಯ ಟೋಪಿ ಹಾಕಿಕೋ.

ನಿನ್ನ
ವೆರ್ನಾ

*

ಎಮಿಲ್ ಸ್ಟ್ರಾಂಡ್ ಹಡಗು, ಹ್ಯೂರಾನ್ ಸರೋವರ
ಏಪ್ರಿಲ್ 29, 2007

ವೆರ್ನಾ,

ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ಪಕ್ಕಕ್ಕೆ ಬಂದು, ಬಕೆಟ್ಟಿನಲ್ಲಿ ನಿನ್ನ ಕಾಗದವನ್ನು ಮೇಲಕ್ಕೆ ಕಳಿಸಿತು. ಕಾರ್ಡು ಭದ್ರವಾಗಿ ಬಂದಿದೆ. ಚಿತ್ರವೂ ಚೆನ್ನಾಗಿ ಓಡುತ್ತದೆ. ಆದರೆ ಆಡುವ ಮಾತನ್ನು ತೋರಿಸುತ್ತ ಕೆಳಗೆ ಬರುತ್ತಿದ್ದ ಅಕ್ಷರಗಳು ಇಲ್ಲ. ಅಕ್ಷರಗಳಿಲ್ಲದಿದ್ದರೆ ನನಗೆ ಅದು ಗಾಜಿನ ತೊಟ್ಟಿಯ ಮೀನುಗಳನ್ನು ನೋಡಿದ ಹಾಗೆ. ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಒಬ್ಬ ಅಳುತ್ತಾನೆ, ಯಾಕೆ ಎಂದು ತಿಳಿಯುವುದಿಲ್ಲ.

ಹಳೆಯ ಪ್ರೋಗ್ರಾಮಿನಲ್ಲಿ ಅಕ್ಷರಗಳು ಚಿತ್ರದ ಮೇಲೇ ಅಚ್ಚಾಗಿ ಬರುತ್ತಿದ್ದವು. ಅದನ್ನೇ ಮತ್ತೆ ಹಾಕಿಸು. ಕೊಂಡಾಗ ಕೊಟ್ಟಿದ್ದ ಒಂದು ಉದ್ದನೆಯ ಸಂಖ್ಯೆ ಬೇಕಾಗುತ್ತದೆ, ನನ್ನ ಇಮೇಲಿನಲ್ಲಿ ಇದೆ. 2005ರ ಅಕ್ಟೋಬರಿನದು. ಪಾಸ್‌ವರ್ಡು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ. ಆ ಒಂದನ್ನು ತೆಗೆದುಕೊಂಡು ಮುಚ್ಚಿಬಿಡು. ಉಳಿದದ್ದೆಲ್ಲ ಕಸ, ತೆರೆಯುವುದೇ ಬೇಡ.

ಇನ್ನೊಂದು ಮಾತು. ವೆಂಡೆಲ್ ಬಂದು ಜೋಡಿಸಿದ, ಸರಿ. ಒಂದು ಸಿನಿಮಾಕ್ಕೆ ಐದು ಗಂಟೆ, ಮೂರು ಸಿನಿಮಾಕ್ಕೆ ಹದಿನೈದು. ಅಷ್ಟೂ ಹೊತ್ತು ಅವನು ಕಿಟಕಿಯ ಹತ್ತಿರವೇ ನಿಂತಿದ್ದನೇ? ಹೆಂಡತಿ ಹೋದ ಮೇಲೆ ಆ ಬೀದಿಯ ಅರ್ಧ ಮನೆಗಳ ಬಾಗಿಲ ಜಾಲರಿಯನ್ನು ಅವನೇ ರಿಪೇರಿ ಮಾಡಿದ್ದಾನೆ ಎಂದು ಕೇಳಿದ್ದೇನೆ. ನಮ್ಮ ಬಾಗಿಲಿನ ಜಾಲರಿ ಚೆನ್ನಾಗಿಯೇ ಇದೆ ಎಂದು ಅವನಿಗೆ ತಿಳಿಸು.

ಟೋಪಿ ಹಾಕಿಕೊಂಡಿದ್ದೇನೆ.

ನಿನ್ನ
ಓರಿನ್

*

ಟೊಮಹಾಕ್
ಮೇ 13, 2007

ಓರಿನ್,

ಸಂಖ್ಯೆ ಸಿಕ್ಕಿತು. ಇಪ್ಪತ್ತೈದು ಅಕ್ಷರಗಳನ್ನು ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಹೊಡೆದೆ. ಉಪಯೋಗವಾಗಲಿಲ್ಲ. ಆ ಸಂಖ್ಯೆ ಸತ್ತುಹೋದ ಕಂಪ್ಯೂಟರಿನ ಹೆಸರಿಗೆ ಸೇರಿದ್ದಂತೆ. ಬೇರೆಯದಕ್ಕೆ ನಡೆಯುವುದಿಲ್ಲವಂತೆ. ಹೊಸ ಪ್ರೋಗ್ರಾಮಿನಲ್ಲಿ ಅಕ್ಷರ ತರಿಸಲು ಮೇಷ್ಟ್ರು ಎರಡು ಸಂಜೆ ಒದ್ದಾಡಿದರು. ಬಂದವು, ಆದರೆ ಸ್ಪ್ಯಾನಿಷ್ ಭಾಷೆಯಲ್ಲಿ. ಮತ್ತೆ ಮಾಡಿದರೆ ಅವೂ ಹೋದವು. ಈ ಸಲದ ಮೂರು ಚಿತ್ರಗಳಲ್ಲೂ ಅಕ್ಷರಗಳಿಲ್ಲ. ಇದ್ದದ್ದನ್ನು ನೋಡು.

ಮೇಷ್ಟ್ರ ವಿಷಯ ಕೇಳಿದೆಯಲ್ಲ. ನಾನು ಮಾಡಿದ ಆಲೂಗಡ್ಡೆ ಹಾಟ್‌ಡಿಶ್ಶನ್ನು ಮೂರು ಸಲ ಬಡಿಸಿಕೊಂಡರು. ಆಮೇಲೆ ಸತ್ತ ಹೆಂಡತಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ನಿದ್ದೆ ಬಂತೆಂದು ಎದ್ದು ಹೋದರು. ನೀನು ಹೆದರುವಂಥ ಗಂಡಸು ಅವರಲ್ಲ.

ನಿನ್ನ ಇಮೇಲನ್ನು ನೀನು ಹೇಳಿದ ಹಾಗೆ ಮುಚ್ಚಿದ್ದೇನೆ.

ಒಂದು ಕೇಳಬೇಕು. ಅದಿರು ಇಳಿಸಲು ಒಹಾಯೋದ ಕಾನಿಯಾಟ್ ಬಂದರಿನಲ್ಲಿ ನಿಲ್ಲುತ್ತೀರಲ್ಲ, ಅಲ್ಲಿ ನೀನು ಹಡಗಿನಿಂದ ಇಳಿಯುತ್ತೀಯಾ? ಅಲ್ಲಿ ಏನಿದೆ? ನೀನು ಆ ಊರಿನ ಬಗ್ಗೆ ಯಾವತ್ತೂ ಏನನ್ನೂ ಹೇಳಿಲ್ಲ.

ವೆರ್ನಾ

*

ಎಮಿಲ್ ಸ್ಟ್ರಾಂಡ್ ಹಡಗು, ಈರೀ ಸರೋವರ
ಜೂನ್ 2, 2007

ವೆರ್ನಾ,

ಕಾನಿಯಾಟ್‌ನಲ್ಲಿ ಏನೂ ಇಲ್ಲ. ಅದಿರಿನ ಕಟ್ಟೆ, ಕೆಂಪು ಧೂಳು, ರೈಲು ಹಳಿ. ಸೇತುವೆಯ ಕೆಳಗೆ ಒಂದು ಕಾಫಿ ಅಂಗಡಿ ಇದೆ, ಚೆರ್ರಿ ಪೈ ಚೆನ್ನಾಗಿರುತ್ತದೆ. ಕಾಲು ಚಾಚಿಕೊಳ್ಳಲು ಒಂದೆರಡು ಗಂಟೆ ಇಳಿಯುತ್ತೇನೆ, ಎಲ್ಲರೂ ಇಳಿಯುತ್ತಾರೆ. ಹೇಳುವಂಥದ್ದು ಇದ್ದಿದ್ದರೆ ಹೇಳುತ್ತಿದ್ದೆ.

ಅಕ್ಷರಗಳಿಲ್ಲವೆಂದು ಚಿಂತಿಸಬೇಡ. ಆ ಮುದಿ ನ್ಯಾಯಾಧೀಶನ ಚಿತ್ರ ನೋಡಿದೆ. ಎಷ್ಟು ಒಳ್ಳೆಯ ಚಿತ್ರ! ಕೊನೆಯಲ್ಲಿ ಅವನು ಬಾಗಿಲ ಹತ್ತಿರ ನಿಂತು, “ನಾನು ಶಿಕ್ಷೆ ಕೊಟ್ಟದ್ದು ಅಪರಾಧಕ್ಕಲ್ಲ, ನನ್ನ ಹೆದರಿಕೆಗೆ” ಎನ್ನುತ್ತಾನಲ್ಲ, ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಪಾಳಿಯಲ್ಲಿ ಪಂಪಿಗೆ ಎಣ್ಣೆ ಹಾಕುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಇನ್ನು ಮುಂದೆಯೂ ಹೀಗೇ ಕಳಿಸು, ಸಾಕು.

ಜುಲೈನಲ್ಲಿ ರಜೆಗೆ ಬರಲು ಆಗುವುದಿಲ್ಲ. ನಮ್ಮ ಎಂಜಿನ್ ಕೋಣೆಯ ಒಬ್ಬನ ಪಾದ ಮುರಿದಿದೆ. ಅವನ ಬದಲಿಗೆ ನಾನೇ ಇರುತ್ತೇನೆಂದು ಒಪ್ಪಿಕೊಂಡಿದ್ದೇನೆ. ಸೆಪ್ಟೆಂಬರಿನಲ್ಲಿ ಬರುತ್ತೇನೆ.

ವೆಂಡೆಲ್ ಮೂರು ಸಲ ಬಡಿಸಿಕೊಂಡ ಎಂದೆ. ನನಗೆ ನೀನು ಎರಡಕ್ಕಿಂತ ಹೆಚ್ಚು ಸಲ ಬಡಿಸುವುದಿಲ್ಲ, ಹೊಟ್ಟೆ ಬರುತ್ತದೆ ಎನ್ನುತ್ತೀಯ.

ನಿನ್ನ
ಓರಿನ್

*

ಟೊಮಹಾಕ್
ಜೂನ್ 17, 2007

ಓರಿನ್,

ನಿನ್ನ ಕಾಗದ ಓದಿದ ದಿನವೇ ಆ ನ್ಯಾಯಾಧೀಶನ ಡಿಸ್ಕನ್ನು ಟಿವಿಗೆ ಹಾಕಿ ಕೊನೆಯ ಭಾಗ ನೋಡಿದೆ. ಅವನು ಬಾಗಿಲ ಹತ್ತಿರ ನಿಲ್ಲುತ್ತಾನೆ, ನಿಜ. ಆದರೆ ಅವನ ಬೆನ್ನು ನಮ್ಮ ಕಡೆ ಇರುತ್ತದೆ. ಆ ಮಾತನ್ನು ಪಿಸುಗುಟ್ಟುತ್ತಾನೆ. ನನಗೇ ಟಿವಿಯ ದನಿ ಏರಿಸಿ ಎರಡು ಸಲ ಕೇಳಬೇಕಾಯಿತು. ಹೊಗೆ ಎದ್ದರೆ ಎಚ್ಚರಿಸುವ ಗಂಟೆ ತಲೆಯ ಮೇಲೆ ಬಡಿದುಕೊಂಡರೂ ಎಚ್ಚರವಾಗದ ನಿನಗೆ ಅದು ಹೇಗೆ ಕೇಳಿಸಿತು? ತುಟಿ ಓದಿದೆಯಾ? ತುಟಿಯೇ ಕಾಣುವುದಿಲ್ಲವಲ್ಲ. ನಿನಗೆ ಯಾರೋ ಹೇಳಿದ್ದಾರೆ. ಪದಕ್ಕೆ ಪದ ಹೇಳಿದ್ದಾರೆ.

ಇನ್ನು ನಾನು ಸುಮ್ಮನಿರುವುದರಲ್ಲಿ ಅರ್ಥವಿಲ್ಲ. ಆ ಸಂಖ್ಯೆ ಹುಡುಕುವಾಗ ನಿನ್ನ ಇಮೇಲಿನಲ್ಲಿ ಡಿವಿಡಿ ಅಂಗಡಿಯವರು ಕಳಿಸಿದ ರಸೀದಿಗಳು ಕಂಡವು. ಮೊದಲನೆಯದನ್ನು ತಪ್ಪಿ ಒತ್ತಿದೆ. ಉಳಿದದ್ದನ್ನು ತಪ್ಪಿ ಒತ್ತಲಿಲ್ಲ. ಪ್ರತಿ ಸಿನಿಮಾವನ್ನೂ ಎರಡು ಪ್ರತಿ ತರಿಸಿದ್ದೀಯ. ಒಂದು ನಮ್ಮ ಮನೆಗೆ. ಇನ್ನೊಂದು ಜಿ. ರಸ್ನಾಕ್, ಹಾರ್ಬರ್ ಬೀದಿ, ಕಾನಿಯಾಟ್. ಮೂರು ವರ್ಷದಲ್ಲಿ ಮೂವತ್ತೊಂದು ಸಿನಿಮಾ. ಪ್ರತಿ ಕ್ರಿಸ್‌ಮಸ್‌ಗೂ ಒಂದು, ಕೆಂಪು ಕಾಗದ ಸುತ್ತಿ ಕಳಿಸಿ ಎಂದು ಬರೆದಿದ್ದೀಯ. ನನಗೆ ಬರುವ ಉಡುಗೊರೆಗೆ ನೀನು ಸುತ್ತುವುದು ದಿನಪತ್ರಿಕೆ.

ಏನೂ ಇಲ್ಲದ ಊರಿನಲ್ಲಿ ಕೆಂಪು ಕಾಗದ ಬಿಚ್ಚುವವರು ಯಾರಿದ್ದಾರೆ, ಓರಿನ್?

ಒಂದು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ನೀನಾಗಿ ಹೇಳುತ್ತೀಯೇನೋ ಎಂದು ಕಾನಿಯಾಟ್ ವಿಷಯ ಕೇಳಿದೆ. ನೀನು ಪೈ ಬಗ್ಗೆ ಬರೆದೆ. ಚರ್ಚಿನಲ್ಲಿ ಮಿಲ್ಡ್ರೆಡ್, “ಯಾಕೆ ಹೀಗೆ ಇಳಿದುಹೋಗಿದೀಯಾ, ಊಟ ಸೇರ್ತಿಲ್ವಾ?” ಎಂದಳು. ಹಲ್ಲುನೋವು ಎಂದೆ. ದೇವರ ಮನೆಯಲ್ಲಿ ನಿಂತು ಸುಳ್ಳು ಹೇಳುವ ಗತಿ ಬಂತು ನನಗೆ.

ಈ ಸಲ ಕಾರ್ಡು ಇಟ್ಟಿಲ್ಲ. ನಿನಗೆ ಬೇಕಾದ ಸಿನಿಮಾ ಅಲ್ಲೇ ಇದೆಯಲ್ಲ. ಒಂದೇ ಪ್ರಶ್ನೆ, ಒಂದೇ ಸಾಲಿನಲ್ಲಿ ಉತ್ತರ ಬರೆ. ಅವಳು ಯಾರು?

ವೆರ್ನಾ ಟ್ವೇಟ್

*

ಎಮಿಲ್ ಸ್ಟ್ರಾಂಡ್ ಹಡಗು
ಜುಲೈ 5, 2007

ವೆರ್ನಾ,

ನೀನು ಅಂದುಕೊಂಡ ಹಾಗೆ ಅಲ್ಲ. ದೇವರಾಣೆ ಅಲ್ಲ. ಆದರೆ ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಆ ಮಾತನ್ನು ಕಾಗದದಲ್ಲಿ ಮುರಿಯಲಾರೆ. ಮುಂದಿನ ಸಲ ದಡಕ್ಕೆ ಹೋದಾಗ ಅವರನ್ನೇ ಕೇಳುತ್ತೇನೆ. ಸೆಪ್ಟೆಂಬರಿನಲ್ಲಿ ಬಂದು ನಿನ್ನ ಎದುರಿಗೆ ಕುಳಿತು ಎಲ್ಲವನ್ನೂ ಹೇಳುತ್ತೇನೆ. ಅಲ್ಲಿಯವರೆಗೆ ಏನನ್ನೂ ಮಾಡಬೇಡ. ಯಾರಿಗೂ ಬರೆಯಬೇಡ. ಕೈಮುಗಿದು ಕೇಳುತ್ತೇನೆ.

ಓರಿನ್

*

ಟೊಮಹಾಕ್
ಜುಲೈ 12, 2007

ಜಿ. ರಸ್ನಾಕ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿರಬೇಕು. ನೀವು ಯಾರೆಂದು ನನಗೆ ಗೊತ್ತಿಲ್ಲ. ನನ್ನ ಗಂಡ ನಿಮ್ಮನ್ನು ಬಚ್ಚಿಟ್ಟುಕೊಂಡಿರುವ ಬಗೆ ನೋಡಿದರೆ, ಬೆಳಕಿನಲ್ಲಿ ನಿಲ್ಲುವಂಥ ಹೆಂಗಸಲ್ಲ ಎಂದಷ್ಟು ಗೊತ್ತಾಗುತ್ತದೆ.

ಅವನಿಗೆ ಅರವತ್ತೆರಡು ವರ್ಷ. ಕಿವಿ ಕೇಳುವುದಿಲ್ಲ. ಬೆನ್ನು ಹಿಡಿದುಕೊಂಡರೆ ಬೂಟಿನ ದಾರ ನಾನೇ ಕಟ್ಟಬೇಕು. ಅದನ್ನು ನೀವು ಕಟ್ಟುತ್ತೀರಾ? ಇಲ್ಲ, ಪಕ್ಕದಲ್ಲಿ ಕುಳಿತು ಸಿನಿಮಾದ ಮಾತುಗಳನ್ನು ಅವನ ಕಿವಿಯಲ್ಲಿ ಹೇಳುವುದಷ್ಟೇ ನಿಮ್ಮ ಕೆಲಸವೇ? ಇಲ್ಲಿ ನಾನು ವಾರಗಟ್ಟಲೆ ಆ ಹಾಳು ಯಂತ್ರದ ಮುಂದೆ ಕೂತು ಒಂದೊಂದೇ ಸಿನಿಮಾ ಬದಲಿಸಿ ಕಳಿಸುತ್ತಿದ್ದೇನೆ. ಅಲ್ಲಿ ನೀವು ಅದೇ ಸಿನಿಮಾದ ಇನ್ನೊಂದು ಪ್ರತಿ ಇಟ್ಟುಕೊಂಡು ನಗುತ್ತಿದ್ದೀರಿ. ಎಷ್ಟು ಕಾಲದಿಂದ ನಗುತ್ತಿದ್ದೀರಿ?

ಒಬ್ಬಳ ಮನೆ ಒಡೆದು ಬದುಕುವವರು ಹೇಗಿರುತ್ತಾರೆಂದು ನೋಡುವ ಆಸೆಯೂ ನನಗಿಲ್ಲ. ನಿಮಗೂ ಒಬ್ಬ ತಾಯಿ ಇರಬೇಕು. ನಿಮ್ಮಂಥ ಮಗಳನ್ನು ಹೆತ್ತದ್ದಕ್ಕೆ ಅವಳು ಎಲ್ಲಿದ್ದರೂ ತಲೆ ತಗ್ಗಿಸಿಕೊಂಡಿರಲಿ.

ಶ್ರೀಮತಿ ಓರಿನ್ ಟ್ವೇಟ್

*

ಹಾರ್ಬರ್ ಬೀದಿ, ಕಾನಿಯಾಟ್, ಒಹಾಯೋ
ಜುಲೈ 24, 2007

ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಅಂಚೆ ಡಬ್ಬದ ಹತ್ತಿರವೇ ಕುಳಿತುಬಿಟ್ಟೆ. ಒಂಬತ್ತು ವರ್ಷದ ಮೇಲೆ ಅಮ್ಮ ಬರೆದಳು ಎಂದುಕೊಂಡೆ. ಕೈಯಲ್ಲಿ ಹಿಟ್ಟು ಇತ್ತು, ಒಳಗೆ ಹೋಗಿ ಸೋಪು ಹಾಕಿ ತೊಳೆದುಕೊಂಡು ಬಂದು ಬಿಚ್ಚಿದೆ. ನನ್ನ ಗಂಡ ಪೀಟರ್, “ಯಾರ್ದೇ ಅದು? ಯಾಕೆ ಹಂಗೆ ಬಿಳುಚಿಕೊಂಡಿದೀಯಾ?” ಎಂದ. “ನಮ್ಮಮ್ಮಂದು” ಎಂದೆ. ಅವನು ಟಿವಿ ಆರಿಸಿ, ತನ್ನ ಟೋಪಿ ತೆಗೆದು ಕುಳಿತ. ನಾನು ಓದಿ ಮುಗಿಸಿದೆ. ಅವನಿಗೆ ಓದಿ ಹೇಳಲಿಲ್ಲ.

ರಸ್ನಾಕ್ ಎನ್ನುವುದು ನನ್ನ ಗಂಡನ ಮನೆಯ ಹೆಸರು. ಮದುವೆಯಾಗಿ ಆರು ವರ್ಷವಾಯಿತು. ಜಿ ಎಂದರೆ ಗ್ವೆನ್. ನೀನೇ ಇಟ್ಟ ಹೆಸರು.

ಅಪ್ಪನ ಹಡಗು ಇಲ್ಲಿ ನಿಂತಾಗ ಅವನು ನಮ್ಮ ಮನೆಗೆ ಬರುತ್ತಾನೆ. ನಾನು ಸಣ್ಣವಳಿದ್ದಾಗ ಭಾನುವಾರ ಅವನ ಪಕ್ಕ ಕುಳಿತು ಸಿನಿಮಾ ನೋಡುತ್ತಿದ್ದೆನಲ್ಲ, ಈಗ ಹಾಗೆ ಕೂರಲು ಹೊತ್ತು ಸಾಲುವುದಿಲ್ಲ. ಅದಕ್ಕೇ ಎರಡು ಪ್ರತಿ. ಭಾನುವಾರ ಏಳು ಗಂಟೆಗೆ ಅವನು ಸರೋವರದ ಮೇಲೆ ನೋಡುತ್ತಾನೆ, ನಾನು ಇಲ್ಲಿ ನೋಡುತ್ತೇನೆ. ಮುಂದಿನ ಸಲ ಬಂದಾಗ ಕಾಫಿ ಕುಡಿಯುತ್ತ ಅದರ ಬಗ್ಗೆ ಜಗಳವಾಡುತ್ತೇವೆ. ಈ ವರ್ಷ ಅಕ್ಷರಗಳು ಬರುತ್ತಿಲ್ಲ ಎಂದ. ನಾನು ನನ್ನ ಡಿಸ್ಕು ಹಾಕಿ, ನಿಲ್ಲಿಸಿ ನಿಲ್ಲಿಸಿ, ಮಾತುಗಳನ್ನೆಲ್ಲ ಕಾಗದದ ಮೇಲೆ ಬರೆದು ಕೊಡುತ್ತಿದ್ದೇನೆ. ನ್ಯಾಯಾಧೀಶನ ಚಿತ್ರ ನಲವತ್ತೊಂದು ಪುಟವಾಯಿತು. ಪಿಸುಗುಟ್ಟಿದ್ದನ್ನೂ ಬರೆದೆ.

ನಾನು ಇಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತೇನೆ. ಮಾತ್ರೆ ಕೊಡುವುದು ನನ್ನ ಪಾಳಿಯ ಕೆಲಸ. ಒಂದೊಂದು ಮಾತ್ರೆಯ ಚೀಟಿಯನ್ನೂ ಮೂರು ಸಲ ಓದುತ್ತೇನೆ. ಜೊತೆಯವರು, “ಎಷ್ಟು ಸಲ ಓದ್ತೀಯೇ ಮಾರಾಯ್ತಿ, ಅಕ್ಷರ ಸವೆದುಹೋಗುತ್ತೆ” ಎಂದು ನಗುತ್ತಾರೆ. ಯಾಕೆಂದು ಅವರಿಗೆ ಹೇಳಿಲ್ಲ. ಅಜ್ಜಿ ಹೋದ ದಿನ ಮನೆಯಲ್ಲಿ ಅವಳ ಜೊತೆ ಇದ್ದದ್ದು ನಾನೊಬ್ಬಳೇ. ಅಜ್ಜಿಯ ಮಣ್ಣು ಮುಗಿಸಿ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನೀನು ನನ್ನನ್ನು ಕೇಳಿದೆಯಲ್ಲ, “ಅವತ್ತು ನಮ್ಮಮ್ಮಂಗೆ ಏನು ಕೊಟ್ಟೆ ನೀನು? ಎಷ್ಟು ಮಾತ್ರೆ ಕೊಟ್ಟೆ?” ಅಂತ. ನಲವತ್ತು ಜನರ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ಹೃದಯ ನಿಂತು ಹೋಗಿದ್ದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ನೀನೂ ಓದಿದ್ದೆ. ಆದರೂ ಕೇಳಿದೆ. ಆಮೇಲೆ ಆ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಈಗ ಇದು ಎರಡನೆಯ ಸಲ. ನನ್ನ ತಾಯಿ ತಲೆ ತಗ್ಗಿಸಬೇಕೆಂದು ಬರೆದಿದ್ದೀಯ. ಅದನ್ನು ನೀನೇ ತೀರ್ಮಾನ ಮಾಡು. ನಿನ್ನ ಕಾಗದವನ್ನು ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. ನನ್ನ ಮನೆಯಲ್ಲಿ ಅದು ಇರುವುದು ಬೇಡ.

ಗ್ವೆನ್

*

ಟೊಮಹಾಕ್
ಆಗಸ್ಟ್ 1, 2007

ಓರಿನ್,

ಅವಳು ಬರೆದಳು.

ನಾನು ಎಷ್ಟು ಹೆಸರು ಯೋಚಿಸಿದ್ದೆ ಗೊತ್ತಾ? ಗ್ಲೋರಿಯಾ, ಗ್ರೇಸ್, ಗರ್ಟ್ರೂಡ್, ಗೇಲ್. ಪಾತ್ರೆ ತೊಳೆಯುವಾಗ ಒಂದು, ಹುಲ್ಲು ಕತ್ತರಿಸುವಾಗ ಒಂದು. ಒಬ್ಬೊಬ್ಬಳಿಗೂ ಒಂದೊಂದು ಬಣ್ಣದ ಕೂದಲು ಕೊಟ್ಟಿದ್ದೆ. ಆ ಒಂದು ಹೆಸರು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದಿತ್ತೇನೋ, ನಾನೇ ಬಿಟ್ಟುಕೊಳ್ಳಲಿಲ್ಲವೇನೋ.

ಬೇರೆ ಹೆಂಗಸಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ನಿನ್ನ ಬಟ್ಟೆ ತುಂಬಿದ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೆ ಇಡುವುದು. ಈಗ ಏನು ಮಾಡಲಿ? ನೀನು ನನಗೆ ಯಾಕೆ ಹೇಳಲಿಲ್ಲ? ಒಂದೇ ಮಂಚದಲ್ಲಿ ಮಲಗಿ, ಮಗಳಿಗೆ ಮದುವೆಯಾಗಿದೆ ಎನ್ನುವುದನ್ನು ಆರು ವರ್ಷ ಬಾಯಿಯಲ್ಲಿ ಇಟ್ಟುಕೊಂಡು ನುಂಗಿದೆಯಲ್ಲ, ನೀನೆಂಥ ಮನುಷ್ಯ?

ವೆರ್ನಾ

*

ಎಮಿಲ್ ಸ್ಟ್ರಾಂಡ್ ಹಡಗು, ಸುಪೀರಿಯರ್ ಸರೋವರ
ಆಗಸ್ಟ್ 13, 2007

ವೆರ್ನಾ,

ಹಡಗು ನಿಂತ ಕೂಡಲೇ ಅವಳ ಮನೆಗೆ ಓಡಿದ್ದೆ, ನಿನಗೆ ಹೇಳಲು ಒಪ್ಪಿಗೆ ಕೇಳೋಣವೆಂದು. ಅಷ್ಟರಲ್ಲಿ ನಿನ್ನ ಕಾಗದ ಅವಳಿಗೆ ತಲುಪಿಬಿಟ್ಟಿತ್ತು. “ಈಗ ಯಾರಿಗೆ ಏನು ಬೇಕಾದ್ರೂ ಹೇಳ್ಕೋ ಅಪ್ಪ” ಎಂದು ಒಳಗೆ ಹೋದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಅವಳು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು. “ಅಮ್ಮ ತಾನಾಗಿ ನನ್ನ ಬಗ್ಗೆ ಕೇಳಿದ್ರೆ ಎಲ್ಲಾ ಹೇಳು. ಎಲ್ಲಿದೀನಿ, ಹೇಗಿದೀನಿ, ಎಲ್ಲಾ. ಕೇಳ್ದೆ ಇದ್ರೆ ಮಾತ್ರ ಹೇಳ್ಬೇಡ.”

ನಾನು ಪ್ರತಿ ಚಳಿಗಾಲ ಮನೆಗೆ ಬಂದಾಗ, ಇವತ್ತು ಕೇಳುತ್ತೀಯ, ನಾಳೆ ಕೇಳುತ್ತೀಯ ಎಂದು ಕಾದೆ. ಅವಳ ಹುಟ್ಟಿದಹಬ್ಬದ ದಿನ ಬೇಕೆಂದೇ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ನೀನು ಒಲೆ ಒರೆಸುತ್ತಿದ್ದೆ. ವೆರ್ನಾ, ಒಂಬತ್ತು ವರ್ಷದಲ್ಲಿ ನೀನು ಒಂದು ಸಲವೂ ಕೇಳಲಿಲ್ಲ.

ನನ್ನದೂ ತಪ್ಪಿದೆ. ಆ ಮಾತನ್ನು ಮುರಿದಿದ್ದರೆ ಒಳ್ಳೆಯದಿತ್ತು. ವೆಂಡೆಲ್ ಬಗ್ಗೆ ಬರೆದದ್ದೂ ತಪ್ಪು. ತಾನು ಮುಚ್ಚಿಡುವವನಿಗೆ ಎಲ್ಲರೂ ಮುಚ್ಚಿಡುವವರ ಹಾಗೆಯೇ ಕಾಣುತ್ತಾರೆ.

ಓರಿನ್

*

ಟೊಮಹಾಕ್
ಆಗಸ್ಟ್ 26, 2007

ಗ್ವೆನ್,

ಈ ಕಾಗದವನ್ನು ಎಂಟು ಸಲ ಬರೆದು ಹರಿದಿದ್ದೇನೆ. ಕೊನೆಗೆ ನಿನ್ನ ಕೋಣೆಯಲ್ಲಿ, ಕಂಪ್ಯೂಟರನ್ನು ಪಕ್ಕಕ್ಕೆ ತಳ್ಳಿ, ನಿನ್ನ ಹಳೆಯ ಮೇಜಿನ ಮೇಲೇ ಬರೆಯುತ್ತಿದ್ದೇನೆ.

ನೀನು ಅಜ್ಜಿಗೆ ಏನೂ ಮಾಡಲಿಲ್ಲ. ಇದು ನನಗೆ ಈಗ ಗೊತ್ತಾದದ್ದಲ್ಲ. ಅವತ್ತೇ ಗೊತ್ತಿತ್ತು. ಚರ್ಚಿನಲ್ಲಿ ನಿನ್ನನ್ನು ಕೇಳುತ್ತಿದ್ದಾಗಲೂ ಗೊತ್ತಿತ್ತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮಪ್ಪನಿಗೂ ಗೊತ್ತಿಲ್ಲ, ಅವನು ಅವತ್ತು ಹಡಗಿನಲ್ಲಿದ್ದ. ಅಜ್ಜಿ ಹೋದ ಆ ಶುಕ್ರವಾರ ನಾನು ಕೂದಲು ಮಾಡಿಸಿಕೊಳ್ಳಲು ಮೆರಿಲ್ ಊರಿಗೆ ಹೋಗಿದ್ದೆ. ನಾಲ್ಕಕ್ಕೆ ಬರುತ್ತೇನೆ ಎಂದು ನಿನಗೆ ಹೇಳಿದ್ದೆ. ಮುಗಿದ ಮೇಲೆ ಗೆಳತಿಯರು ಮೀನಿನ ಊಟಕ್ಕೆ ಎಳೆದುಕೊಂಡು ಹೋದರು. ನೀನು ಐದು ಗಂಟೆಗೆ ಕೂದಲಿನ ಅಂಗಡಿಗೆ ಫೋನ್ ಮಾಡಿದ್ದೆ, ಅಜ್ಜಿಗೆ ಉಸಿರು ಕಟ್ಟುತ್ತಿದೆ, ಅಮ್ಮನನ್ನು ಕಳಿಸಿ ಎಂದು. ಅಮ್ಮನಿಗೆ ಸುದ್ದಿ ಮುಟ್ಟಲಿಲ್ಲ ಎಂದು ನೀನು ಇವತ್ತಿಗೂ ತಿಳಿದಿದ್ದೀಯ. ಮುಟ್ಟಿತು, ಗ್ವೆನ್. ಆ ಅಂಗಡಿಯ ಹೆಂಗಸು ಚಳಿಯಲ್ಲಿ ರಸ್ತೆ ದಾಟಿ ಬಂದು ನನ್ನ ಮೇಜಿನ ಹತ್ತಿರ ನಿಂತು ಹೇಳಿದಳು. “ನಮ್ಮಮ್ಮಂದು ದಿನಾ ಇದೇ ಗೋಳು, ಮಗಳು ಸುಮ್ನೆ ಗಾಬರಿಯಾಗ್ತಾಳೆ” ಎಂದು ನಾನು ನಕ್ಕೆ. ಇನ್ನೊಂದು ಬ್ರಾಂಡಿ ತರಿಸಿಕೊಂಡೆ. ಮನೆಗೆ ಬಂದಾಗ ಏಳೂವರೆ. ಅಂಬುಲೆನ್ಸಿನ ಚಕ್ರದ ಗುರುತು ಹಿಮದಲ್ಲಿ ಇತ್ತು.

ಮಣ್ಣಿನ ದಿನ ಆ ಗೆಳತಿಯರೂ ಬಂದಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಕಂಡಿತು. ಯಾರಾದರೂ ಬಾಯಿ ಬಿಡುತ್ತಾರೆ ಎಂದು ನನಗೆ ಭಯವಾಯಿತು. ಅವರು ನನ್ನ ಕಡೆ ನೋಡುವ ಮುಂಚೆ ಎಲ್ಲರೂ ನಿನ್ನ ಕಡೆ ನೋಡಲಿ ಎಂದು ಆ ಪ್ರಶ್ನೆ ಕೇಳಿದೆ. ನಿನ್ನ ಮುಖ ಹೇಗಾಯಿತೆಂದು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಆಮೇಲೆ ನಿನ್ನ ಬಗ್ಗೆ ಯಾರನ್ನೂ ಕೇಳದೆ ಇದ್ದದ್ದು ಕೋಪದಿಂದಲ್ಲ. ಕೇಳಿದರೆ ಇದನ್ನು ಹೇಳಬೇಕಾಗುತ್ತದೆ ಎನ್ನುವ ಹೆದರಿಕೆಯಿಂದ. ನಾನು ಹಾಗಿರುವುದರಿಂದಲೇ ಪ್ರಪಂಚದಲ್ಲಿ ಎಲ್ಲರೂ ನನಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅನಿಸುತ್ತಿತ್ತು.

ಮಿಲ್ಡ್ರೆಡ್ ಅವತ್ತು ಆ ಮೇಜಿನಲ್ಲಿದ್ದಳು. ಹೋದ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ, ಅವಳ ಎದುರಿಗೆ, ಕಾಫಿಗೆ ಕೂತಿದ್ದವರಿಗೆಲ್ಲ ಇದನ್ನೇ ಹೇಳಿದೆ. ಅವತ್ತಿನ ನಲವತ್ತು ಜನರಲ್ಲಿ ಹತ್ತೊಂಬತ್ತು ಜನ ಉಳಿದಿದ್ದಾರೆ. ಅವರಿಗಾದರೂ ತಿಳಿದಿರಲಿ ಎಂದು. ವೆಂಡೆಲ್ ಮೇಷ್ಟ್ರು ನನ್ನ ಕೋಟು ತಂದುಕೊಟ್ಟು ಮನೆಯವರೆಗೆ ನಡೆದು ಬಂದರು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಸೆಪ್ಟೆಂಬರ್ 13, ಗುರುವಾರ, ಈರೀ ಊರಿನಿಂದ ಎರಡು ಗಂಟೆಯ ಬಸ್ಸಿಗೆ ನಾನು ಕಾನಿಯಾಟ್‌ಗೆ ಬರುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ಆ ಹಕ್ಕಿಲ್ಲ. ಬಸ್ಸು ನಿಲ್ಲುವಲ್ಲಿಯೇ ಆರರವರೆಗೆ ಕೂತಿರುತ್ತೇನೆ. ನೀನು ಬಾರದಿದ್ದರೆ ಆರರ ಬಸ್ಸಿಗೆ ಹಿಂತಿರುಗುತ್ತೇನೆ.

ಅಮ್ಮ

*

ಕಾನಿಯಾಟ್
ಸೆಪ್ಟೆಂಬರ್ 4, 2007

ಅಮ್ಮ,

ಆ ಸುದ್ದಿ ನಿನಗೆ ಮುಟ್ಟಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಇನ್ನೊಂದು ಸಲ ಫೋನ್ ಮಾಡಬೇಕಿತ್ತೇನೋ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೇನೋ ಎಂದು ಒಂಬತ್ತು ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ನಿನ್ನ ಕಾಗದ ಓದಿ ತುಂಬ ಸಿಟ್ಟು ಬಂತು. ಇನ್ನೂ ಇದೆ. ನೀನು ಬಂದಾಗಲೂ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಪೀಟರ್‌ಗೆ ಎಲ್ಲವನ್ನೂ ಓದಿ ಹೇಳಿದೆ, ಮೊದಲನೆಯ ಕಾಗದದಲ್ಲಿ ಏನಿತ್ತೆಂಬುದನ್ನೂ. ಅವನು “ಅಷ್ಟು ದೂರದಿಂದ ಬಸ್ಸಲ್ಲಿ ಬರ್ತಾರಾ? ಬೆನ್ನು ಏನಾಗ್ಬೇಕು?” ಎಂದ. ಅವನು ಯಾವಾಗಲೂ ಹೀಗೆ, ಅವನಿಗೆ ಮೊದಲು ಹೊಳೆಯುವುದು ಇಂಥದ್ದೇ.

ಗುರುವಾರದ ಬಸ್ಸು ನಿಂತುಹೋಗಿ ಎರಡು ವರ್ಷವಾಯಿತು. ಶುಕ್ರವಾರದ್ದಕ್ಕೆ ಬಾ. ಬಸ್ಸು ನಿಲ್ಲುವ ಕಡೆ ಬೆಂಚು ಇಲ್ಲ, ಪಕ್ಕದ ಔಷಧಿ ಅಂಗಡಿಯ ಒಳಗೆ ಕುರ್ಚಿ ಇದೆ, ಗ್ವೆನ್‌ಗಾಗಿ ಬಂದಿದ್ದೇನೆ ಎಂದು ಹೇಳಿ ಕೂರು. ನನ್ನ ಪಾಳಿ ಮೂರಕ್ಕೆ ಮುಗಿಯುತ್ತದೆ. ಮಾತ್ರೆಗಳ ಲೆಕ್ಕ ಒಪ್ಪಿಸಿ ಹೊರಡುವಷ್ಟರಲ್ಲಿ ತಡವಾಗಬಹುದು. ತಡವಾದರೆ ಅವಳಿಗೆ ಹಾಗಾಯಿತೇನೋ, ಹೀಗಂದುಕೊಂಡಳೇನೋ ಎಂದು ನೂರೆಂಟು ಊಹೆ ಮಾಡಬೇಡ. ನಾನು ಬರುತ್ತೇನೆ. ಕಾಯುತ್ತಿರು.

ಗ್ವೆನ್